ಪಟ್ಟಿಯಲ್ಲಿ ಇಲ್ಲದ ಒಳಲೆ

ನಾನು ಪುಸ್ತಕಕ್ಕೆ ಹೆದರಿದವಳಲ್ಲ. ಶಿರಸಿಯ ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿ ದುಡಿದು ನಿವೃತ್ತಳಾದವಳು. ಕಡತ ಎಷ್ಟೇ ದಪ್ಪವಿರಲಿ, ಅದಕ್ಕೂ ಒಂದು ಕೊನೆಯ ಹಾಳೆ ಇರುತ್ತದೆ ಎಂದು ಗೊತ್ತಿದ್ದವಳು. ಜಿರಲೆಗೆ ಹೆದರುತ್ತೇನೆ, ಹಲ್ಲು ಕೀಳುವ ಡಾಕ್ಟರಿಗೆ ಹೆದರುತ್ತೇನೆ, ಘಟ್ಟ ಇಳಿಯುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಲು ಹೆದರುತ್ತೇನೆ. ಆದರೆ ಅಚ್ಚಾದ ಅಕ್ಷರಕ್ಕೆ ಹೆದರಿದ್ದು ಕಳೆದ ವರ್ಷವೇ ಮೊದಲು.

ಅದೊಂದು ಸಾವಿರದ ಇನ್ನೂರು ಪುಟಗಳ ಕಾದಂಬರಿ. ಬಿಳಿಯರು ತಕ್ಕಡಿ ಹಿಡಿದು ನಮ್ಮ ದೇಶಕ್ಕೆ ಬಂದಲ್ಲಿಂದ ಪೆಟ್ಟಿಗೆ ಕಟ್ಟಿಕೊಂಡು ಹೋಗುವವರೆಗಿನ ಕಥೆ. ಮಡಿಲಲ್ಲಿಟ್ಟು ಓದಿದರೆ ತೊಡೆ ಜುಮ್ಮೆನ್ನುವಷ್ಟು ಭಾರ. ಕೊನೆಗೆ ಪುರಾಣ ಓದುವ ವ್ಯಾಸಪೀಠವನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಅದರ ಮೇಲೆ ಪುಸ್ತಕ ಹರವಿಕೊಂಡೆ. "ಅಂತೂ ಇಂಗ್ರೇಜರಿಗೂ ವ್ಯಾಸಪೀಠ ಸಿಕ್ಕಿತು" ಎಂದು ಗಂಡ ನಕ್ಕರು. ಅವರಿಗೆ ಎಲ್ಲದರಲ್ಲೂ ತಮಾಷೆ ಕಾಣುತ್ತದೆ.

ಅಷ್ಟು ದಪ್ಪದ ಪುಸ್ತಕಕ್ಕೆ ಕೈ ಹಾಕಲು ಕಾರಣ ನನ್ನ ಗೆಳತಿ. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವಳ ಮನೆ. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಅಲ್ಲಿ ನಾವು ಆರೇಳು ಜನ ಸೇರುತ್ತಿದ್ದೆವು, ವಾರಕ್ಕೆ ಐವತ್ತು ಪುಟ ಓದಿಕೊಂಡು ಬಂದು ಮಾತಾಡುವುದು ಎಂದು ಕರಾರು. ಕೂಟದ ಯಜಮಾನಿಕೆ ಒಬ್ಬ ನಿವೃತ್ತ ಮೇಷ್ಟ್ರದ್ದು. ಅವರು ಬನವಾಸಿ ಕಡೆಯವರು, ಮಾತು ಧಾರವಾಡದ ಗಾಳಿಯದು, ಆದರೆ ತಾಳಮದ್ದಳೆಯ ಹುಚ್ಚು ನಮ್ಮವರಿಗಿಂತ ಒಂದು ಕೈ ಹೆಚ್ಚು. ಗೆಳತಿ ಮತ್ತು ನಾನು ಒಂದೇ ಬೆಂಚಿನಲ್ಲಿ ಅಕ್ಕಪಕ್ಕ ಕೂರುತ್ತಿದ್ದೆವು. ಇಪ್ಪತ್ತು ವರ್ಷದ ಸ್ನೇಹ, ಒಬ್ಬರ ಮನೆಯ ಉಪ್ಪಿನಕಾಯಿ ಭರಣಿ ಇನ್ನೊಬ್ಬರ ಮನೆಯಲ್ಲಿರುವಷ್ಟು.

ಮೊದಲ ಎಂಟು ವಾರ ಸುಖವಾಗಿ ಹೋದವು. ಆ ಊರಿನ ಯುದ್ಧ, ಈ ಊರಿನ ಬರ, ಯಾರೋ ನವಾಬ, ಯಾರೋ ಗವರ್ನರ. ಬೇರೆಯವರ ಮನೆಯ ದುಃಖ ಓದುವುದು ಎಷ್ಟು ಹಗುರ! ಒಂಬತ್ತನೆಯ ವಾರದ ಪುಟಗಳನ್ನು ಒಂದು ಬೆಳಿಗ್ಗೆ, ಕುಕ್ಕರಿನ ಸೀಟಿ ಎಣಿಸುತ್ತ ಓದುತ್ತಿದ್ದೆ. ಕಥೆ ಇದ್ದಕ್ಕಿದ್ದಂತೆ ನಮ್ಮ ಸೀಮೆಗೆ ಬಂತು. ಶಿರಸಿ, ಸಿದ್ದಾಪುರ. ರೈತರು ಸರ್ಕಾರಕ್ಕೆ ತೀರ್ವೆ ಕೊಡುವುದಿಲ್ಲ ಎಂದು ಹಟ ಹಿಡಿದು ಕೂತ ಕಾಲ. ಕೊಡದವರ ಮನೆಗೆ ಪೊಲೀಸರನ್ನು ಕಟ್ಟಿಕೊಂಡು ಬಂದ ತಾಲೂಕಿನ ಅಧಿಕಾರಿ ಮಾಮಲೇದಾರ, ಒಲೆಯ ಮೇಲಿದ್ದ ತಪಲೆಯ ಅನ್ನವನ್ನು ಅಂಗಳಕ್ಕೆ ಸುರಿಸಿ ತಪಲೆಯನ್ನು ಜಪ್ತಿ ಮಾಡಿಸುತ್ತಾನೆ. ಅಂಗಳದ ಮೂಲೆಯಲ್ಲಿ ಚಾಪೆ ಹಾಸಿ, ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು ಒಬ್ಬ ಜಪ್ತಿಯ ಪಟ್ಟಿ ಬರೆಯುತ್ತಿರುತ್ತಾನೆ. ಕಾರಕೂನ. ಕಾದಂಬರಿಯಲ್ಲಿ ಅವನಿಗೆ ಹೆಸರಿಲ್ಲ.

ಕುಕ್ಕರ್ ಎಷ್ಟು ಸೀಟಿ ಹೊಡೆಯಿತೋ ಗೊತ್ತಿಲ್ಲ. ಬೇಳೆ ತಳ ಹಿಡಿದ ವಾಸನೆ ಬಂದಾಗಲೇ ಎದ್ದದ್ದು.

ನನ್ನ ಅಜ್ಜ, ಅಂದರೆ ಅಪ್ಪನ ಅಪ್ಪ, ಮುಂಬಯಿ ಸರ್ಕಾರದ ಕಾಲದಲ್ಲಿ ಸಿದ್ದಾಪುರದಲ್ಲಿ ಕಾರಕೂನರಾಗಿದ್ದರು. ಮುಂದೆ ವರ್ಗವಾಗಿ ಯಲ್ಲಾಪುರಕ್ಕೆ ಬಂದು, ವಜ್ರಳ್ಳಿಯಲ್ಲಿ ಗದ್ದೆ ಮಾಡಿಕೊಂಡು ಅಲ್ಲೇ ನಿಂತರು. ನಾನು ಹುಟ್ಟಿದ್ದು ಆ ಮನೆಯಲ್ಲಿ. ಶಾಲೆಯಲ್ಲಿ ಆಗಸ್ಟ್ ಹದಿನೈದಕ್ಕೆ ಅವರವರ ಅಜ್ಜ ಜೈಲಿಗೆ ಹೋದ ಕಥೆಯನ್ನು ಮಕ್ಕಳು ಎದೆ ಸೆಟೆಸಿ ಹೇಳುವಾಗ ನಾನು, "ನಮ್ಮಜ್ಜ ನೌಕರಿಯಲ್ಲಿದ್ದರು" ಎಂದು ಹೇಳಿ ಕೂತುಬಿಡುತ್ತಿದ್ದೆ. ಹೆಚ್ಚು ಕೇಳಬಾರದು ಎಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಹೇಳದೆಯೇ ಗೊತ್ತಿತ್ತು.

ಗೊತ್ತಿಲ್ಲದ್ದನ್ನು ಅಜ್ಜಿ ಸಾಯುವ ಹಿಂದಿನ ವರ್ಷ ಹೇಳಿದರು. ಒಂದು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಒಳಲೆಯನ್ನು ನನ್ನ ಕೈಗಿಟ್ಟರು. ಶಿಶುಗಳಿಗೆ ಹಾಲು ಕುಡಿಸುವ, ಹಕ್ಕಿಯ ಕೊಕ್ಕಿನಂಥ ಮೂತಿಯ ಕಂಚಿನ ಒಳಲೆ. ಅಂಗೈಯಲ್ಲಿ ಅಡಗುವಷ್ಟು ಪುಟ್ಟದು, ತಳದಲ್ಲಿ ಒಂದು ತಗ್ಗು.

"ಜಪ್ತಿಗೆ ಹೋದಲ್ಲಿ ಪೊಲೀಸರು ರಾಶಿಗೆ ಎಸದ್ವಡ ಇದ್ನ. ಒಳಗೆ ಶಿಶು ಕೂಗ್ತಾ ಇತ್ತಡ. ಅಜ್ಜಂಗೆ ಬರೆಯಲೆ ಕೈ ಬೈಂದಿಲ್ಲೆ. ಹಗೂರ ಆ ಹೆಂಗಸಿನ ಕೈಲಿ ಕೊಡನ ಹೇಳಿ ನೋಡಿದ್ರೆ ಮಾಮಲೇದಾರ ಎದುರಿಗೇ ನಿಂತಿದ್ನಡ. ಹೆದ್ರಿಕೆಲಿ ಕೋಟಿನ ಕಿಸೆಗೆ ಹಾಕ್ಯಂಡು ಮನೆಗೇ ಬಂದ್ಬುಟ್ಟ."

"ಮತ್ತೆ ಕೊಡಲಿಲ್ಲವೆ?" ಎಂದೆ.

"ನಾಳೆ ಕೊಟ್ಟಿಕ್ಕೆ ಬತ್ತೆ ಹೇಳಿದ. ಆ ನಾಳೆ ಬಂಜೇ ಇಲ್ಲೆ. ಕೊಡಲೆ ಹೋದ್ರೆ ಸರ್ಕಾರಕ್ಕೆ ಮೋಸ ಮಾಡ್ದೆ ಹೇಳಿ ನೌಕರಿ ಹೋಗ್ತು, ಮನೆಯವು ಕಳ್ಳ ಹೇಳಿ ಉಗಿತ್ವಲಿ. ಯಾರ ಮನೆದು ಹೇಳದ್ನೂ ಯಂಗೆ ಹೇಳಿದ್ನಿಲ್ಲೆ. ಆನು ನಿನ್ನಪ್ಪಂಗೆ ಒಂದು ದಿನಾನೂ ಇದ್ರಲ್ಲಿ ಹಾಲು ಕುಡಿಸಿದ್ನಿಲ್ಲೆ."

ನನಗೇಕೆ ಕೊಟ್ಟರು? ಮೊಮ್ಮಕ್ಕಳಲ್ಲಿ ಗುಮಾಸ್ತಿಕೆಗೆ ಸೇರಿದವಳು ನಾನೊಬ್ಬಳೇ, ಅಕ್ಷರವೂ ಅಜ್ಜನ ಅಚ್ಚು. ಅದಕ್ಕಿರಬೇಕು. ನಾನೂ ಅಜ್ಜನ ಹಾಗೆಯೇ ಮಾಡಿದೆ. ತಂದು ಶಿರಸಿಯ ಮನೆಯ ಕಪಾಟಿನಲ್ಲಿ, ಮದುವೆಯ ಸೀರೆಯ ಕೆಳಗೆ ಇಟ್ಟು ಮರೆತೆ. ಮರೆತೆ ಎಂದು ಮೂವತ್ತು ವರ್ಷ ಅಂದುಕೊಂಡೆ.

ಆ ಭಾನುವಾರ ಹೋಗಬಾರದಿತ್ತು. ಹೋಗದಿದ್ದರೆ ಅನುಮಾನ ಬರುತ್ತದೆ ಎಂದು ಹೋದೆ. ಅನುಮಾನ ಪಡಲು ಯಾರಿಗೆ ಏನು ಗೊತ್ತಿತ್ತು! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಕಥೆ ನನ್ನದು. ಮೇಷ್ಟ್ರು ಜಪ್ತಿಯ ಪುಟಗಳನ್ನು ಗಟ್ಟಿಯಾಗಿ ಓದಿ ಮುಗಿಸಿದರು. ಪಕ್ಕದಲ್ಲಿದ್ದ ಗೆಳತಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

"ಯಮ್ಮನೆಲೂ ಹಿಂಗೇ ಆಗಿತ್ತಡ," ಅಂದಳು. "ಹೇರೂರಲ್ಲಿ. ಯನ್ನ ಅತ್ತೆ, ಅಪ್ಪನ ತಂಗಿ, ಆವಾಗ ಮೂರು ತಿಂಗಳ ಶಿಶು. ಎಲ್ಲಾ ಪಾತ್ರೆ ಹೊತ್ಗಂಡು ಹೋದ. ಕಡಿಗೆ ಒಳಲೆನೂ ಬಿಟ್ಟಿದ್ವಿಲ್ಲೆ ಅಡ. ಅಜ್ಜಿಗೆ ಆ ಹೆದ್ರಿಕೆಲಿ ಎದೆಹಾಲೂ ಬತ್ತಿಹೋತು. ಬಟ್ಟೆ ಬತ್ತಿನ ಹಾಲಲ್ಲಿ ಅದ್ದಿ ಚೀಪಿಸಿ ಅತ್ತೆನ ಉಳಿಸಿಕ್ಯಂಡಿದ್ದಡ."

ನನ್ನ ಕಿವಿ ಮುಚ್ಚಿಹೋಯಿತು. ಉಳಿದವರು ಏನೇನು ಹೇಳಿದರೋ ಒಂದೂ ಕೇಳಲಿಲ್ಲ. ಬೆಂಚಿನ ಮೇಲೆ ಅವಳ ಕೈ ನನ್ನ ಕೈಗೆ ತಗಲಿಕೊಂಡೇ ಇತ್ತು, ಎಳೆದುಕೊಳ್ಳಲೂ ಭಯ. ಮನೆಗೆ ಬಂದು ಕಪಾಟು ತೆಗೆದೆ. ಒಳಲೆ ಇದ್ದಲ್ಲೇ ಇತ್ತು. ಬೀಗ ಹಾಕಿ, ಬೀಗದ ಕೈಯನ್ನು ಸಾಸಿವೆ ಡಬ್ಬಿಯಲ್ಲಿಟ್ಟೆ.

ಮುಂದಿನ ವಾರಗಳಲ್ಲಿ ನಾನು ಓದಿದ್ದನ್ನು ಓದು ಎನ್ನಲಾರೆ. ಪರೀಕ್ಷೆಯ ಫಲಿತಾಂಶದ ಹಾಳೆಯಲ್ಲಿ ನಂಬರು ಹುಡುಕುವವರ ಹಾಗೆ ಬೆರಳಿಟ್ಟು ಸಾಲಿನಿಂದ ಸಾಲಿಗೆ ಇಳಿಯುತ್ತಿದ್ದೆ. ಬರೆದವರು ಊರೂರು ತಿರುಗಿ ಕಾಗದಪತ್ರ ನೋಡಿ ಬರೆದಿದ್ದಾರೆಂದು ಮುನ್ನುಡಿಯಲ್ಲೇ ಇತ್ತು. ಹಾಗಾದರೆ ಅಜ್ಜನ ಹೆಸರು ಎಲ್ಲಾದರೂ ಬರಲೇಬೇಕಲ್ಲ? ಪುಸ್ತಕದ ಕೊನೆಯಲ್ಲಿ ಹಳೆಯ ಜಪ್ತಿ ಪಟ್ಟಿಗಳ ಅನುಬಂಧ ಬೇರೆ ಇತ್ತು. ಆ ಪುಟಗಳನ್ನು ಒಂದು ರಬ್ಬರ್ ಬ್ಯಾಂಡ್ ಹಾಕಿ ಬಿಗಿದಿಟ್ಟೆ, ಗಾಳಿಗೂ ತೆರೆಯಬಾರದು ಎಂದು. ಗೆಳತಿ ಫೋನು ಮಾಡಿ, "ನೀ ಎಲ್ಲೀವರೆಗೆ ಓದ್ದೆ?" ಎಂದರೆ ಅವಳದು ಎಲ್ಲಿಗೆ ಬಂತೆಂದು ತಿರುಗಿ ಕೇಳುತ್ತಿದ್ದೆ. ನನಗಿಂತ ಹತ್ತು ಪುಟ ಮುಂದಿದ್ದಾಳೆ ಎಂದರೆ ಆ ಹತ್ತು ಪುಟವನ್ನು ಊಟ ಬಿಟ್ಟು ಓದುತ್ತಿದ್ದೆ.

ಹೇಳಿಬಿಡಬಹುದಿತ್ತು. ಹೇಳಿದರೆ ಇಪ್ಪತ್ತು ವರ್ಷದ ಗೆಳತಿ ಹೋಗುತ್ತಾಳೆ ಎಂಬ ಒಂದೇ ಭಯ. ನನಗಿರುವುದು ಒಬ್ಬಳು.

ಹೀಗಿರುವಾಗ ಮೇಷ್ಟ್ರಿಗೊಂದು ಹುರುಪು ಹುಟ್ಟಿತು. "ಬರೇ ಮಾತಾಡಿ ಏನ್ ಉಪಯೋಗ ರೀ? ಈ ಜಪ್ತಿ ಪ್ರಸಂಗಾನ ಒಂದ ತಾಳಮದ್ದಳಿ ಮಾಡೋಣು. ಪದಾ ನಾ ಬರೀತೀನಿ. ಅರ್ಥಾ ನೀವ ಹೇಳ್ರಿ."

ತಾಳಮದ್ದಳೆಗೆ ವೇಷವಿಲ್ಲ, ಕುಣಿತವಿಲ್ಲ. ಕೂತಲ್ಲಿಯೇ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಬಾಯಿಗೆ ಬಂದ ಮಾತಿನಲ್ಲಿ ವಾದಿಸಬೇಕು. ಅದನ್ನೇ ಅರ್ಥ ಹೇಳುವುದು ಎನ್ನುವುದು. ದುರ್ಯೋಧನನ ಅರ್ಥ ಹೇಳುವವರು ದುರ್ಯೋಧನನದೇ ಸರಿ ಎಂದು ಸಾಧಿಸಬೇಕು, ಸುಮ್ಮನೆ ಸೋತರೆ ಸಭೆ ಉಗಿಯುತ್ತದೆ. ಅಲ್ಲಿ ಆಡಿದ ಮಾತನ್ನು ಎದ್ದ ಮೇಲೆ ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬಾರದೆಂಬುದು ರೂಢಿ. ಮನೆಯೊಡತಿಯ ಪಾತ್ರವನ್ನು ಗೆಳತಿ ತಾನಾಗಿ ಕೇಳಿ ತೆಗೆದುಕೊಂಡಳು. ಮೇಷ್ಟ್ರು ನನ್ನ ಕಡೆ ತಿರುಗಿದರು.

"ಕಾರಕೂನನ ಅರ್ಥಾ ನೀವ ಹೇಳಬೇಕ ನೋಡ್ರಿ. ಕಚೇರಿಯೊಳಗ ಮೂವತ್ತ ವರ್ಷ ಪಟ್ಟಿ ಬರದೀರಿ, ನಿಮ್ಮಷ್ಟ ಅವನ ಕಷ್ಟ ಯಾರಿಗೆ ಗೊತ್ತೈತಿ?"

ಗಂಟಲು ಸರಿಯಿಲ್ಲ ಎಂದೆ. ಹದಿನೈದು ದಿನದಲ್ಲಿ ಸರಿಹೋಗುತ್ತದೆ ಎಂದರು. ನೆನಪು ಸಾಲದು ಎಂದೆ. "ಹೆದರಬ್ಯಾಡ್ರಿ, ಬಾಯಿಪಾಠ ಅಲ್ಲಲ್ಲ ಅದು," ಎಂದರು. ಎಲ್ಲರೂ ನಕ್ಕರು. ಗೆಳತಿ ನನ್ನ ಬೆನ್ನು ತಟ್ಟಿ, "ಒಪ್ಗ್ಯ ಮಾರಾಯ್ತಿ, ನಿನ್ನ ಬಿಟ್ರೆ ಯನ್ನೆದುರು ನಿಲ್ಲವ್ವು ಯಾರಿದ್ದ?" ಅಂದಳು. ಇನ್ನು ಒಲ್ಲೆ ಎಂದರೆ ಕಾರಣ ಕೇಳುತ್ತಾರೆ. ಒಪ್ಪಿದೆ. ಜ್ವರ ಬರಲೆಂದು ತಣ್ಣೀರಲ್ಲಿ ತಲೆ ಮಿಂದೆ, ಬೇಡವೆಂದಾಗಲೆಲ್ಲ ಬರುವ ಜ್ವರ ಆಗ ಮಾತ್ರ ಬರಲಿಲ್ಲ.

ಶಾಲೆಯೊಂದರ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ನಲವತ್ತು ಜನ ಸೇರಿದ್ದರು. ಮೇಷ್ಟ್ರೇ ಪದ ಹಾಡಿದರು, ಅವರ ಪರಿಚಯದವರೊಬ್ಬರು ಮದ್ದಳೆ ನುಡಿಸಿದರು. ಎದುರಿಗೆ ಒಂದು ಮಾರು ದೂರದಲ್ಲಿ ಗೆಳತಿ ಕೂತಿದ್ದಳು. ದಿನವೂ ನೋಡುವ ಮುಖ, ಆದರೆ ಕಣ್ಣಿನಲ್ಲಿ ಆಗಲೇ ಹೇರೂರಿನ ಅಜ್ಜಿ ಬಂದು ಕೂತ ಹಾಗಿತ್ತು.

"ತಾಯೀ, ನಿಮ್ಮ ಅಂಗಳಕ್ಕೆ ಬಂದದ್ದು ನಾನಲ್ಲ, ಸರ್ಕಾರದ ಲೇಖನಿ," ಎಂದು ಶುರುಮಾಡಿದೆ.

"ಲೇಖನಿಗೆ ಕಾಲಿಲ್ಲವಲ್ಲ ಕಾರಕೂನರೇ. ಹೊತ್ತು ತಂದವರು ಯಾರು?"

"ಹೊಟ್ಟೆ ಹೊತ್ತು ತಂದಿತು. ನನ್ನ ಮನೆಯಲ್ಲೂ ತೊಟ್ಟಿಲಿದೆ."

"ನಿಮ್ಮ ತೊಟ್ಟಿಲು ತೂಗಲು ನನ್ನ ತೊಟ್ಟಿಲ ಹಗ್ಗವೇ ಬೇಕಾಯಿತೇ?"

ಸಭೆ ತಲೆದೂಗಿತು. ನಾನು ಇನ್ನೊಂದು ಯುಕ್ತಿ ತೆಗೆದೆ. ನಾನು ಬರೆಯದಿದ್ದರೆ ಇನ್ನೊಬ್ಬ ಬರೆಯುತ್ತಿದ್ದ, ಅವನು ಒಂದಕ್ಕೆರಡು ಬರೆಯುತ್ತಿದ್ದ ಎಂದೆ. "ಹಾಗಾದರೆ ನೀವು ಕರುಣಾಳುಗಳು," ಎಂದು ಕೈ ಮುಗಿದಳು. ಜನ ನಕ್ಕರು. "ಹೇಳಿ, ಕರುಣಾಳುಗಳೇ! ಹಂಡೆ ಬರೆದಿರಿ, ತಪಲೆ ಬರೆದಿರಿ, ದೇವರ ದೀಪ ಬರೆದಿರಿ. ನನ್ನ ಮನೆಯಲ್ಲಿ ನೀವು ಬರೆಯದೆ ಬಿಟ್ಟ ಒಂದು ವಸ್ತುವನ್ನು ತೋರಿಸಿ!"

ಆ ನಗು, ಆ ಕಣ್ಣು, ಆ ಪ್ರಶ್ನೆ. ಅಜ್ಜನನ್ನು ಯಾರೂ ಕೇಳದೆ ಉಳಿದಿದ್ದ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ವಾದದಲ್ಲಿ ಸೋಲಬಾರದೆಂಬ ಹಾಳು ಚಟವೂ ಇತ್ತು.

"ಒಳಲೆ ಬರೆಯಲಿಲ್ಲ ತಾಯೀ!" ಎಂದುಬಿಟ್ಟೆ. "ಮಗು ಅಳುತ್ತಿತ್ತು. ಒಳಲೆಯನ್ನು ಪಟ್ಟಿಗೆ ಸೇರಿಸಲಿಲ್ಲ. ನಿಮ್ಮ ಕೈಗೇ ಕೊಡೋಣವೆಂದಿದ್ದೆ, ದೊರೆ ನಿಂತಿದ್ದ. ಹೆದರಿ ಕೋಟಿನ ಕಿಸೆಗೆ ಹಾಕಿಕೊಂಡೆ."

ಕಾದಂಬರಿಯಲ್ಲಿ ಒಳಲೆಯೇ ಇಲ್ಲ. ಕೋಟೂ ಇಲ್ಲ, ಕಿಸೆಯೂ ಇಲ್ಲ. ಗೆಳತಿ ಅವಳ ಮನೆಯ ಒಳಲೆಯ ಕಥೆ ಹೇಳಿದ್ದಳು, ಅದರಲ್ಲಿಯೂ ಕಿಸೆ ಇರಲಿಲ್ಲ. ಅವಳು ಮಾತು ಮರೆತಳೆಂದುಕೊಂಡು ಮದ್ದಳೆಯವರು ಎರಡು ಪೆಟ್ಟು ಹಾಕಿ ಸಮಯ ತುಂಬಿದರು. ಅವಳು ನನ್ನನ್ನೇ ನೋಡುತ್ತಿದ್ದಳು, ಕಾರಕೂನನನ್ನಲ್ಲ.

"ಆ ಕೋಟು ಈಗ ಯಾರ ಮನೆಯ ಗೂಟದಲ್ಲಿದೆ, ಕಾರಕೂನರೇ?" ಎಂದಳು.

ಚಪ್ಪಾಳೆಯೋ ಚಪ್ಪಾಳೆ. ಮೇಷ್ಟ್ರು, "ಭಲೇ! ಭಲೇ!" ಎಂದು ತಾಳ ಎತ್ತಿ ಮಂಗಳ ಹಾಡಿಯೇಬಿಟ್ಟರು. ಒಳ್ಳೆಯ ಅರ್ಥ ಹೇಳಿದಿರಿ, ಒಳಲೆಯ ಕಲ್ಪನೆ ಅದ್ಭುತ ಎಂದು ಜನ ಬಂದು ಕೈ ಹಿಡಿದು ಹೇಳಿದರು. ಒಬ್ಬೊಬ್ಬರು ಹೊಗಳಿದಾಗಲೂ ನಾನು ಕುಗ್ಗಿಹೋದೆ.

ಶಾಲೆಯ ಹಿಂದಿನ ನಲ್ಲಿಯಲ್ಲಿ ಗೆಳತಿ ಚಹಾದ ಲೋಟ ತೊಳೆಯುತ್ತಿದ್ದಳು. ಪಕ್ಕಕ್ಕೆ ಹೋಗಿ ನಿಂತೆ. ತಲೆಯೆತ್ತದೆ ಕೇಳಿದಳು.

"ಎಲ್ಲಿದ್ದು ಅದು?"

ಸುಳ್ಳು ಹೇಳಲು ಕೊನೆಯ ಅವಕಾಶ ಅದು. ಪಾತ್ರದ ಮಾತು ಎಂದಿದ್ದರೆ ರೂಢಿ ನನ್ನ ಕಡೆಗಿತ್ತು.

"ಯಮ್ಮನೆ ಕಪಾಟಲ್ಲಿ," ಅಂದೆ.

"ನಿನ್ನ ಅಜ್ಜನ?"

"ಹೌದು."

"ಆನು ಅತ್ತೆ ಕಥೆ ಹೇಳ್ದ ದಿನ ನೀ ಯನ್ನ ಪಕ್ಕದಲ್ಲೇ ಕೂತಿದ್ದೆ."

ಅವಳು ನಲ್ಲಿ ನಿಲ್ಲಿಸಿ, ಲೋಟಗಳನ್ನು ಒಂದರೊಳಗೊಂದು ಜೋಡಿಸಿ, "ಬುಧವಾರ ಹೇರೂರಿಗೆ ಹೋಪನ. ತಗಂಡು ಬಾ," ಎಂದು ಹೊರಟುಹೋದಳು. ಯಾವಾಗಲೂ ಇಬ್ಬರೂ ಒಟ್ಟಿಗೆ ನಡೆಯುವ ದಾರಿಯಲ್ಲಿ ಅಂದು ಒಬ್ಬಳೇ ಬಂದೆ.

ಬುಧವಾರ ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂರದೆ ಮುಂದಿನ ಸೀಟಿಗೆ ಹೋದಳು. ಚೀಲವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಕೂತಿದ್ದೆ. ಕಂಡಕ್ಟರ್ ಟಿಕೆಟ್ ಕೇಳಿದರೂ ಬೆಚ್ಚುತ್ತಿದ್ದೆ. ಆದರೆ ಭಯದ ಅಡಿಯಲ್ಲಿ ಒಂದು ನೆಮ್ಮದಿಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಬೈಯಲಿ, ಉಗಿಯಲಿ, ಸಂಜೆಯೊಳಗೆ ಕೈ ಖಾಲಿಯಾಗುತ್ತದಲ್ಲ.

ಅವಳ ಅತ್ತೆಗೆ ತೊಂಬತ್ತು ದಾಟಿದೆ. ತವರಿನಲ್ಲೇ, ಅಣ್ಣನ ಮಕ್ಕಳ ಜೊತೆಗಿದ್ದಾರೆ. ಕಿವಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಗೆಳತಿ ಪಕ್ಕದಲ್ಲಿ ಕೂತು, ಯಾವುದನ್ನೂ ಮುಚ್ಚದೆ, ಯಾವುದನ್ನೂ ಬೆಳೆಸದೆ ಎಲ್ಲ ಹೇಳಿದಳು. ನಾನು ಹೇಳಬೇಕಾದದ್ದನ್ನು ಅವಳೇ ಹೇಳುವಾಗ ನೆಲ ನೋಡುತ್ತ ಕೂತಿದ್ದೆ. ಅತ್ತೆ ಒಳಲೆಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು, ತಳದ ತಗ್ಗಿನ ಮೇಲೆ ಹೆಬ್ಬೆರಳು ಆಡಿಸಿದರು.

"ಇದು ಯಮ್ಮನೆದಲ್ಲ," ಅಂದರು. "ಯಮ್ಮನೆದು ಬೆಳ್ಳಿದು. ಆಯಿ ಸಾಯವರೆಗೂ ಹೇಳ್ತಿತ್ತು, ತವರಿಂದ ತಂದ ಬೆಳ್ಳಿ ಒಳಲೆ ಹೇಳಿ. ಅದು ಪಟ್ಟಿಲಿ ಬರದು, ಲಿಲಾವಲ್ಲಿ ಹರಾಜಾಗಿ ಹೋತು."

ಬೆಳ್ಳಿಯದನ್ನು ಯಾರೋ ಕಾರಕೂನರು, ಬಹುಶಃ ಅಜ್ಜನೇ, ಬರೆದಿದ್ದರು. ಹಾಗಾದರೆ ಇದು ಇನ್ನೊಂದು ಮನೆ. ಇನ್ನೊಂದು ಅಂಗಳ, ಇನ್ನೊಂದು ಅಳು. ಆವರೆಗೆ ನಾನು ಹೆದರಿದ್ದೆಲ್ಲ ಒಂದು ಮನೆಗೆ. ಅಜ್ಜ ಎಷ್ಟು ಅಂಗಳದಲ್ಲಿ ಆ ಚಾಪೆ ಹಾಸಿದ್ದರೋ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

"ಆದ್ರೂ ಇಲ್ಲೇ ಇಟ್ಗಳಿ," ಎಂದೆ. ಬೇಡಿಕೊಂಡೆ ಎನ್ನುವುದೇ ಸರಿ.

ಅತ್ತೆ ನನ್ನ ಕೈಹಿಡಿದು, ಒಳಲೆಯನ್ನು ಅಂಗೈಯಲ್ಲಿಟ್ಟು, ಬೆರಳು ಮಡಚಿದರು. "ಬೇಡ ತಂಗೀ. ಯಾರ್ದೋ ಮನೆದ್ನ ಆನು ಇಟ್ಗಂಡ್ರೆ ಆನೂ ಜಪ್ತಿ ಮಾಡ್ದಾಂಗೇ ಆತು. ಯಾರ್ದೋ ಅವ್ಕೆ ಕೊಡು. ಈಗ ಒಂದು ಲೋಟ ಮಜ್ಜಿಗೆ ಕುಡಿ, ಮೋರೆ ನೋಡು ಹೆಂಗಾಜು."

ಬಸ್ಸಿಗೆ ಕಾಯುವಾಗ ಗೆಳತಿ ಅಂದು ಮೊದಲ ಸಲ ನನ್ನೊಡನೆ ಬಾಯಿ ಬಿಟ್ಟಳು. "ಪುಸ್ತಕದ ಕಡೇಲಿ ಪಟ್ಟಿ ಇದ್ದಲೇ. ಅದ್ರಲ್ಲಿ ನೋಡನ, ಯಾವ ಮನೆ ಹೇಳಿ."

ಮನೆಗೆ ಬಂದು ವ್ಯಾಸಪೀಠದ ಎದುರು ಇಬ್ಬರೂ ಕೂತೆವು. ತಿಂಗಳುಗಟ್ಟಲೆ ಬಿಗಿದಿಟ್ಟಿದ್ದ ರಬ್ಬರ್ ಬ್ಯಾಂಡನ್ನು ನಾನೇ ತೆಗೆದೆ. ಸಿದ್ದಾಪುರ ಸೀಮೆಯ ಮನೆಗಳ ಪಟ್ಟಿ, ಒಂದು ಹಾಳೆಯದಂತೂ ಮೂಲದ ಚಿತ್ರವನ್ನೇ ಅಚ್ಚು ಹಾಕಿದ್ದರು. ಬಾಲ ಮೇಲಕ್ಕೆ ಎಳೆದ ಅಜ್ಜನ ಆ ಅಕ್ಷರ ಥೇಟ್ ನನ್ನದೇ. ಹಂಡೆ ಎರಡು, ತಪಲೆ ಮೂರು, ಕೊಡಪಾನ, ದೀಪ, ಒಂದು ತೊಟ್ಟಿಲು. ಯಾವ ಹೆಸರಿಗೆ ಹೆದರಿ ಇಷ್ಟು ದಿನ ಓದಿದ್ದೆನೋ ಅದು ಕೆಳಗೆ ಸಹಿಯಾಗಿ ಇತ್ತು. ನಾನು ಅದನ್ನು ದಾಟಿ ಕಂಚಿನ ಒಳಲೆಯನ್ನು ಹುಡುಕುತ್ತಿದ್ದೆ. ಒಂದು ಮನೆ, ಎರಡು ಮನೆ, ಹನ್ನೊಂದು ಮನೆ. ಹನ್ನೊಂದನೆಯದನ್ನು ಮುಗಿಸಿದಾಗ ಬೆರಳು ನಿಂತಿತು.

"ಸಿಗ್ತಿಲ್ಲೆ," ಎಂದೆ. "ಅಜ್ಜ ಬರದ್ದೇ ಇಲ್ಲೆ ಅಲ್ದನೇ ಇದ್ನ."

ಅವರು ಮಾಡಿದ ಒಂದೇ ಒಂದು ದಯೆಯ ಕೆಲಸ ಅದು. ಬರೆದಿದ್ದರೆ ಇವತ್ತು ಮನೆ ಸಿಗುತ್ತಿತ್ತು. ನನಗೆ ಅಳು ಬಂತು, ಗೆಳತಿಯ ಎದುರಿಗೇ ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. ಪೆನ್ನು ತೆಗೆದುಕೊಂಡು, ತೊಟ್ಟಿಲು ಇದ್ದ ಮನೆಗಳ ಮುಂದೆ ಒಂದೊಂದು ಚುಕ್ಕಿ ಹಾಕಿದಳು. ತೊಟ್ಟಿಲಿದ್ದಲ್ಲಿ ಒಳಲೆ ಇದ್ದಿರಬೇಕು. ನಾಲ್ಕು ಮನೆ ಆದವು.

ಮೊದಲ ಮನೆಗೆ ಕಳೆದ ವಾರ ಹೋದೆ. ಅವಳು ಬಂದಳು, ಆದರೆ ಬೇಲಿಯ ದಣಪೆಯ ಹೊರಗೇ ನಿಂತು, "ಇಲ್ಲಿ ನೀನೇ ಹೇಳವು," ಎಂದಳು. ಅಂಗಳದ ನಡುವೆ ಹೋಗಿ ನಿಂತೆ. ಇದೇ ಅಂಗಳವಿದ್ದರೂ ಇರಬಹುದು. ಒಳಗಿನಿಂದ ಒಬ್ಬ ಹೆಂಗಸಿನ ದನಿ, "ಯಾರು?" ಎಂದು ಕೇಳಿತು.

ಚೀಲದೊಳಗೆ ಕೈ ಹಾಕಿ ಒಳಲೆಯನ್ನು ಹಿಡಿದುಕೊಂಡೆ.

"ಆನು," ಎಂದೆ. "ಜಪ್ತಿಗೆ ಬಂದಿದ್ದ ಕಾರಕೂನನ ಮೊಮ್ಮಗಳು."